ತೋಟ ಕೈಬದಲಾಯಿತು, ಕೆಲಸವೂ ಹೋಯಿತು: ಹದಿನೇಳು ವರ್ಷದ ಬಾಕಿಗೆ ಹೊಣೆ ಯಾರು?

ಪ್ರಶ್ನೆ: ಮಾನ್ಯರೇ, ನಾನು ಮೂಡಿಗೆರೆ ತಾಲ್ಲೂಕಿನ 86 ಎಕರೆಯ ಕಾಫಿ ತೋಟವೊಂದರಲ್ಲಿ 2008ರ ಆಗಸ್ಟ್‌ನಿಂದ ರೈಟರ್ ಆಗಿದ್ದೆ. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ಬಟವಾಡೆ, ಗೊಬ್ಬರದ ದಾಸ್ತಾನು, ಕ್ಯೂರಿಂಗ್‌ಗೆ (ಸಂಸ್ಕರಣೆಗೆ) ಹೋಗುವ ಕಾಫಿಯ ತೂಕದ ಚೀಟಿ, ಇವೆಲ್ಲ ನನ್ನ ಕೆಲಸ. ತೋಟದಲ್ಲಿ 22 ಜನ ಕಾಯಂ ಆಳುಗಳಿದ್ದರು. 2024ರ ಫೆಬ್ರವರಿಯಲ್ಲಿ ಹಳೆಯ ಸಾಹುಕಾರರು ತೋಟ ಮಾರಿದರು. ಕೊಂಡವರು ನನ್ನನ್ನು ಅದೇ ಕೆಲಸದಲ್ಲಿ, ಅದೇ ಸಂಬಳಕ್ಕೆ ಮುಂದುವರಿಸಿದರು. 2025ರ ಜೂನ್ 30ರಂದು ‘ನಾಳೆಯಿಂದ ಬರುವುದು ಬೇಡ’ ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ಆಗ ನನ್ನ ಸಂಬಳ 15,600 ರೂಪಾಯಿ. ಮೇ ಮತ್ತು ಜೂನ್ ತಿಂಗಳದ್ದು ಇನ್ನೂ ಬಂದಿಲ್ಲ. ಪಿಎಫ್ (ಭವಿಷ್ಯನಿಧಿ) ಪ್ರತಿ ತಿಂಗಳೂ ಹಿಡಿದಿದ್ದಾರೆ, ಆದರೆ ಪಾಸ್‌ಬುಕ್‌ನಲ್ಲಿ 2021ರ ಮಾರ್ಚ್‌ನಿಂದ ಮುಂದಕ್ಕೆ ಏನೂ ಇಲ್ಲ. ಗ್ರಾಚ್ಯುಟಿ (ಸೇವೆಯ ವರ್ಷಗಳಿಗೆ ತಕ್ಕಂತೆ ಕೆಲಸ ಬಿಡುವಾಗ ಸಿಗುವ ಇಡುಗಂಟು) ಕೇಳಿದರೆ ಹೊಸಬರು ‘ನಮ್ಮಲ್ಲಿ ನಿನ್ನದು ಒಂದೂವರೆ ವರ್ಷವೂ ಆಗಿಲ್ಲ, ಹಳಬರನ್ನು ಕೇಳು’ ಎನ್ನುತ್ತಾರೆ. ಹಳಬರು ‘ತೋಟದ ಜೊತೆಗೆ ಎಲ್ಲವೂ ಅವರಿಗೆ ಹೋಯಿತು’ ಎನ್ನುತ್ತಾರೆ. ಈಗ ‘ಲೆಕ್ಕ ಚುಕ್ತಾ’ ಎಂಬ ಕಾಗದಕ್ಕೆ ಸಹಿ ಹಾಕಿ, ಕೆಲಸಕ್ಕಾಗಿ ತೋಟದವರು ಕೊಟ್ಟ ಮನೆಯನ್ನು 15 ದಿನದಲ್ಲಿ ಬಿಟ್ಟರೆ ಒಂದು ಲಕ್ಷ ಕೊಡುತ್ತೇವೆ, ಇಲ್ಲದಿದ್ದರೆ ಹಿಂದಿನ ಫಸಲಿನಲ್ಲಿ 12 ಮೂಟೆ ಕಡಿಮೆ ಬಿದ್ದದ್ದನ್ನು ನಿನ್ನ ಮೇಲೆ ಹಾಕುತ್ತೇವೆ ಎನ್ನುತ್ತಿದ್ದಾರೆ. ನನಗೆ ನೇಮಕದ ಪತ್ರವಿಲ್ಲ. ವಯಸ್ಸು 52. ಮಕ್ಕಳಿಬ್ಬರು ಶಾಲೆಯಲ್ಲಿದ್ದಾರೆ. ನನ್ನ ಹೆಂಡತಿ 2012ರಿಂದ ಅದೇ ತೋಟದಲ್ಲಿ ದಿನಗೂಲಿಗೆ ಹೋಗುತ್ತಾಳೆ. ಸಹಿ ಹಾಕಬೇಕೇ, ಬೇಡವೇ?

ಉತ್ತರ: ಸಹಿ ಹಾಕಬೇಡಿ. ಕನಿಷ್ಠ ಈ ಉತ್ತರವನ್ನು ಪೂರ್ತಿ ಓದಿ, ನಿಮಗೆ ಬರಬೇಕಾದ ಹಣ ಎಷ್ಟು ಎಂದು ನೀವೇ ಕೂಡಿ ನೋಡುವವರೆಗಾದರೂ ಹಾಕಬೇಡಿ.

ನಿಮ್ಮ ಪತ್ರದಲ್ಲಿ ಹಲವು ಸಂಕಟಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಣ ಕೊಡಬೇಕಾದವರು ಇಬ್ಬರು, ಇಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸುತ್ತಿದ್ದಾರೆ, ಮನೆ ಅವರದು, ಮೂಟೆಯ ಲೆಕ್ಕದ ಬೆದರಿಕೆ ಇದೆ, ಕೈಯಲ್ಲಿ ಕಾಗದವಿಲ್ಲ. ಇಂತಹ ಸ್ಥಿತಿಯಲ್ಲಿ ಎಲ್ಲವನ್ನೂ ಒಂದೇ ಮೊತ್ತಕ್ಕೆ, ಒಂದೇ ಸಹಿಗೆ ಮುಗಿಸಿಬಿಡೋಣ ಎನಿಸುವುದು ಸಹಜ, ಆ ಒಂದು ಲಕ್ಷದ ಮಾತು ಹುಟ್ಟಿರುವುದೂ ಆ ದಣಿವನ್ನು ನೋಡಿಯೇ. ಕಾನೂನು ಮಾತ್ರ ನಿಮ್ಮ ಬಾಕಿಯನ್ನು ಒಂದು ಗಂಟಾಗಿ ನೋಡುವುದಿಲ್ಲ. ಗ್ರಾಚ್ಯುಟಿ, ಪಿಎಫ್, ಉಳಿದ ಸಂಬಳ, ಕೆಲಸದಿಂದ ತೆಗೆದದ್ದಕ್ಕೆ ಪರಿಹಾರ, ಇವು ನಾಲ್ಕೂ ಬೇರೆ ಬೇರೆ ಹಕ್ಕುಗಳು. ಪ್ರತಿಯೊಂದಕ್ಕೂ ಬೇರೆ ಕಚೇರಿ, ಬೇರೆ ಅವಧಿ, ಬೇರೆ ಸಾಕ್ಷ್ಯ ಇದೆ, ಮತ್ತು ಒಂದರಲ್ಲಿ ತಡವಾದರೆ ಇನ್ನೊಂದು ನಿಲ್ಲುವುದಿಲ್ಲ.

ಮೊದಲು ಯಾವ ಕಾನೂನು ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಈಗ ಇದರ ಬಗ್ಗೆ ಬಹಳ ಗೊಂದಲವಿದೆ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಆದ್ದರಿಂದ ಹಳೆಯ ಕಾಯ್ದೆಗಳು ಹೋದವು, ಹಳೆಯ ಬಾಕಿಯೂ ಹೋಯಿತು ಎಂದು ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ಇದು ತಪ್ಪು. ನಿಮ್ಮ ಕೆಲಸ ನಿಂತದ್ದು ಜೂನ್ 30ರಂದು. ಆ ದಿನ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಮತ್ತು 1947ರ ಕೈಗಾರಿಕಾ ವಿವಾದ ಕಾಯ್ದೆಯ ಅಡಿಯಲ್ಲಿ ನಿಮಗೆ ಹುಟ್ಟಿದ ಹಕ್ಕು, ಆ ಕಾಯ್ದೆ ನಂತರ ರದ್ದಾದರೂ ಉಳಿಯುತ್ತದೆ. ಅವಧಿಯ ವಿಷಯದಲ್ಲಿ ಮಾತ್ರ ನನ್ನ ಸಲಹೆ ಒಂದೇ: ಹಳೆಯದು ಮತ್ತು ಹೊಸದರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಗಡಿ ಎಂದು ಭಾವಿಸಿ ಅರ್ಜಿ ಹಾಕಿ. ಯಾವ ಕಾನೂನಿನ ಅವಧಿ ಅನ್ವಯಿಸುತ್ತದೆ ಎಂಬ ವಾದದಲ್ಲಿ ನಿಮ್ಮ ಎರಡು ವರ್ಷ ಕಳೆಯುವುದು ಬೇಡ.

ಈಗ ಗ್ರಾಚ್ಯುಟಿಗೆ ಬರೋಣ. 5 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡದಾಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದಾದರೊಂದು ದಿನ 15 ಅಥವಾ ಹೆಚ್ಚು ಜನ ಕೆಲಸ ಮಾಡಿದ ಕಾಫಿ ತೋಟ ಆಗ ಜಾರಿಯಲ್ಲಿದ್ದ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಗೆ ಒಳಪಡುತ್ತಿತ್ತು, ಆ ಮೂಲಕ ಗ್ರಾಚ್ಯುಟಿ ಕಾಯ್ದೆಗೂ ಒಳಪಡುತ್ತಿತ್ತು. 86 ಎಕರೆ, 22 ಜನ ಎಂದರೆ ನಿಮ್ಮ ತೋಟದ ವಿಷಯದಲ್ಲಿ ಇದು ಪ್ರಶ್ನೆಯೇ ಅಲ್ಲ. ರೈಟರ್ ಆಳಲ್ಲ, ಆಫೀಸಿನವನು, ಅವನಿಗೆ ಗ್ರಾಚ್ಯುಟಿ ಇಲ್ಲ ಎಂಬ ಮಾತನ್ನು ಮಲೆನಾಡಿನ ತೋಟಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ್ದೇನೆ. ಗ್ರಾಚ್ಯುಟಿಗೆ ಹುದ್ದೆಯ ಭೇದವಿಲ್ಲ, ಸಂಬಳದ ಮೇಲ್ಮಿತಿಯೂ ಇಲ್ಲ. ಕಾಫಿ ಕೊಯ್ಯುವವರಿಗೂ ಇದೆ, ಮ್ಯಾನೇಜರರಿಗೂ ಇದೆ.

ಲೆಕ್ಕ ಸರಳವಾದದ್ದು. ತಿಂಗಳ ಸಂಬಳಗಾರರಿಗೆ ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ ಗ್ರಾಚ್ಯುಟಿ ಸಿಗುತ್ತದೆ. ನಿಮ್ಮ 15,600 ರೂಪಾಯಿ ಪೂರ್ತಿಯಾಗಿ ಮೂಲವೇತನ ಮತ್ತು ತುಟ್ಟಿಭತ್ಯೆಯೇ ಆಗಿದ್ದರೆ ಅದು 9,000 ರೂಪಾಯಿ. 2008ರ ಆಗಸ್ಟ್‌ನಿಂದ 2025ರ ಜೂನ್ ಕೊನೆಯವರೆಗೆ 16 ವರ್ಷ 11 ತಿಂಗಳು. ಆರು ತಿಂಗಳು ದಾಟಿದ ಭಾಗವನ್ನು ಪೂರ್ಣ ವರ್ಷವೆಂದು ಹಿಡಿಯಬೇಕಾದ್ದರಿಂದ 17 ವರ್ಷ. ಒಟ್ಟು 1,53,000 ರೂಪಾಯಿ. ಇದು ಬರೀ ಗ್ರಾಚ್ಯುಟಿ. ಎಲ್ಲ ಬಾಕಿಗೂ ಸೇರಿಸಿ ನಿಮಗೆ ತೋರಿಸುತ್ತಿರುವ ಒಂದು ಲಕ್ಷ ಈ ಒಂದಕ್ಕೇ ಸಾಲುವುದಿಲ್ಲ. ಕೆಲಸ ನಿಂತ 30 ದಿನದೊಳಗೆ ಇದನ್ನು ಪಾವತಿಸಬೇಕಿತ್ತು. ಆನಂತರದ ವಿಳಂಬಕ್ಕೆ ವರ್ಷಕ್ಕೆ ಶೇ. 10ರ ಸರಳ ಬಡ್ಡಿ, ಅಂದರೆ ನಿಮ್ಮ ಮೊತ್ತಕ್ಕೆ ತಿಂಗಳಿಗೆ 1,275 ರೂಪಾಯಿ ಸೇರುತ್ತ ಹೋಗುತ್ತದೆ.

ಇಲ್ಲಿ ನಿಮ್ಮನ್ನು ಕಾಡುತ್ತಿರುವ ಮುಖ್ಯ ಪ್ರಶ್ನೆ ಹುಟ್ಟುತ್ತದೆ. ಹದಿನೇಳು ವರ್ಷವನ್ನು ಲೆಕ್ಕ ಹಾಕುವುದು ಸರಿ, ಆದರೆ ಯಾರ ಮೇಲೆ? ಹೊಸಬರ ವಾದದಲ್ಲಿರುವ ದೋಷವೆಂದರೆ, ಗ್ರಾಚ್ಯುಟಿಯ ಸೇವಾವಧಿ ಮಾಲೀಕನ ಹೆಸರಿಗೆ ಅಂಟಿಕೊಂಡದ್ದಲ್ಲ, ಆ ತೋಟದಲ್ಲಿ ಕಡಿಯದೆ ಮಾಡಿದ ಕೆಲಸಕ್ಕೆ ಅಂಟಿಕೊಂಡದ್ದು. ನೀವು ಹಳಬರಿಗೆ ರಾಜೀನಾಮೆ ಕೊಟ್ಟಿಲ್ಲ, ಅವರು ನಿಮ್ಮ ಲೆಕ್ಕ ಮುಗಿಸಿಲ್ಲ, ಹೊಸಬರು ಹೊಸದಾಗಿ ನೇಮಿಸಿಕೊಂಡಿಲ್ಲ. ಚೆಕ್‌ರೋಲ್‌ನ ಒಂದು ಹಾಳೆ ಮುಗಿದು ಮುಂದಿನ ಹಾಳೆ ಆರಂಭವಾಯಿತು, ಅಷ್ಟೆ. ಕೈಗಾರಿಕಾ ವಿವಾದ ಕಾಯ್ದೆಯ 25 ಎಫ್‌ಎಫ್ ಕಲಮು ಇಂತಹ ಕೈಬದಲಾವಣೆಯ ಬಗ್ಗೆಯೇ ಇದೆ. ಅದರ ತಿರುಳು ಇಷ್ಟು: ಸಂಸ್ಥೆ ಕೈಬದಲಾದಾಗ ಒಂದು ವರ್ಷಕ್ಕಿಂತ ಕಡಿಮೆಯಿಲ್ಲದ ಸೇವೆ ಸಲ್ಲಿಸಿದ ಕೆಲಸಗಾರನಿಗೆ, ಅವನನ್ನು ಅಂದೇ ಕೆಲಸದಿಂದ ತೆಗೆದರೆ ಹೇಗೋ ಹಾಗೆ, ನೋಟಿಸು ಮತ್ತು ಪರಿಹಾರ ಸಿಗಬೇಕು. ಕೆಲಸ ಕಡಿಯದೆ ಮುಂದುವರಿದು, ಷರತ್ತುಗಳು ಮೊದಲಿಗಿಂತ ಕೀಳಾಗದೆ, ಮುಂದೊಮ್ಮೆ ತೆಗೆಯುವಾಗ ಹಳೆಯ ಸೇವೆಯನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆಯನ್ನು ಕೊಂಡವರು ಹೊತ್ತಿದ್ದರೆ ಮಾತ್ರ ಹಳಬರು ಈ ಭಾರದಿಂದ ಪಾರಾಗುತ್ತಾರೆ.

ಇದನ್ನು ನಿಮ್ಮ ಪ್ರಕರಣಕ್ಕೆ ಹಚ್ಚಿ ನೋಡಿ. ಹೊಸಬರು ಆ ಹೊಣೆ ಹೊತ್ತಿದ್ದರೆ 2008ರಿಂದ ಎಲ್ಲವೂ ಅವರ ತಲೆಯ ಮೇಲೆ ಬರುತ್ತದೆ. ಹೊತ್ತಿಲ್ಲ ಎಂದು ಅವರು ಸಾಧಿಸಿದರೆ, 2024ರ ಫೆಬ್ರವರಿಯವರೆಗಿನ ಹದಿನೈದು ವರ್ಷದ ಪರಿಹಾರವೂ ಗ್ರಾಚ್ಯುಟಿಯೂ ಹಳಬರಿಂದ ಬರಬೇಕು. ಇಬ್ಬರೂ ಏಕಕಾಲಕ್ಕೆ ಬಿಡುಗಡೆಯಾಗುವ ದಾರಿ ಕಾನೂನಿನಲ್ಲಿ ಇಲ್ಲ. ಆದ್ದರಿಂದ ಹಳಬರೋ ಹೊಸಬರೋ ಎಂದು ನೀವು ಆರಿಸಿಕೊಳ್ಳುವ ಅಗತ್ಯವೇ ಇಲ್ಲ. ಪ್ರತಿಯೊಂದು ಅರ್ಜಿಯಲ್ಲೂ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಹೆಸರಿಸಿ ಹೋಗುವ ಅರ್ಜಿಗಳು ಎರಡು ವರ್ಷ ನಡೆದ ಮೇಲೆ ‘ಹೊಣೆ ಇನ್ನೊಬ್ಬರದು’ ಎಂದು ತಿರಸ್ಕೃತವಾಗುವುದನ್ನು ನಾನು ವೃತ್ತಿಯಲ್ಲಿ ನೋಡಿದ್ದೇನೆ, ಮತ್ತು ಆಗ ಹೊಸದಾಗಿ ಆರಂಭಿಸುವಷ್ಟು ಶಕ್ತಿ ಯಾರಲ್ಲೂ ಉಳಿದಿರುವುದಿಲ್ಲ.

ಇಬ್ಬರ ನಡುವಿನ ಒಪ್ಪಂದ ಏನೆಂದು ತಿಳಿಯಲು ಅವರನ್ನು ಕೇಳಿಕೊಂಡು ಕೂರಬೇಕಿಲ್ಲ. ತೋಟದ ಪಹಣಿಯಿಂದ ಸರ್ವೆ ನಂಬರು ಹಿಡಿದು ಋಣಭಾರ ಪತ್ರ ತೆಗೆಸಿದರೆ ಕ್ರಯಪತ್ರದ ದಿನಾಂಕ ಮತ್ತು ನೋಂದಣಿ ಸಂಖ್ಯೆ ಸಿಗುತ್ತದೆ. ಆಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಅದರಲ್ಲಿ ಎರಡು ವಿಷಯ ಹುಡುಕಿ: ಭೂಮಿಯ ಜೊತೆಗೆ ಗಿಡ, ಕಣ, ಪಲ್ಪಿಂಗ್ ಯಂತ್ರ, ಲೈನು ಮನೆಗಳು ಸೇರಿ ಇಡೀ ತೋಟ ನಡೆಯುವ ಸ್ಥಿತಿಯಲ್ಲೇ ಮಾರಾಟವಾಗಿದೆಯೇ, ಮತ್ತು ಕಾರ್ಮಿಕರ ಬಾಕಿಯ ಬಗ್ಗೆ ಒಂದು ಸಾಲಾದರೂ ಇದೆಯೇ. ‘ಹಿಂದಿನ ಎಲ್ಲ ಬಾಕಿಗೆ ಮಾರಾಟಗಾರರೇ ಹೊಣೆ’ ಎಂಬ ಸಾಲು ಇದ್ದರೆ ಗಾಬರಿಯಾಗಬೇಡಿ. ಅದು ಅವರಿಬ್ಬರ ನಡುವಿನ ಕರಾರು, ನೀವು ಅದಕ್ಕೆ ಸಹಿ ಹಾಕಿದವರಲ್ಲ. ಹೊಸಬರು ನಿಮಗೆ ಕೊಟ್ಟು ಹಳಬರಿಂದ ವಸೂಲಿ ಮಾಡಿಕೊಳ್ಳಲು ಅವರಿಗೆ ಅದು ಉಪಯೋಗಕ್ಕೆ ಬರಬಹುದು.

ಇಂತಹ ಜಗಳಗಳು ತೋಟ ಮಾರಾಟದ ಹೊತ್ತಿಗೇ ಏಕೆ ಸಿಡಿಯುತ್ತವೆ ಎಂದು ಕೇಳಿದರೆ, ಬಹುತೇಕ ತೋಟಗಳಲ್ಲಿ ಗ್ರಾಚ್ಯುಟಿಗೆಂದು ವರ್ಷವರ್ಷವೂ ಏನನ್ನೂ ತೆಗೆದಿಡುವುದಿಲ್ಲ. ಮಳೆ, ಕಾಯಿಕೊರಕ, ಬೆಲೆ ಕುಸಿತದ ವರ್ಷಗಳಲ್ಲಿ ಮೊದಲು ಮುಂದಕ್ಕೆ ಹೋಗುವುದು ಇಂತಹ ಬಾಬತ್ತುಗಳು. ಬೆಲೆ ಏರಿ ತೋಟ ಮಾರಾಟಕ್ಕೆ ಬಂದಾಗ ಎಕರೆಗೆ ಎಷ್ಟು ಎಂಬ ಮಾತು ನಡೆಯುತ್ತದೆಯೇ ಹೊರತು ಇಪ್ಪತ್ತೆರಡು ಜನರ ಸೇವೆಯ ಬೆಲೆಯನ್ನು ಯಾರೂ ಕಟ್ಟುವುದಿಲ್ಲ. ಕರ್ನಾಟಕವು 2024ರ ಜನವರಿಯಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮಗಳನ್ನು ಹೊರಡಿಸಿದ್ದು ಈ ಕಾರಣಕ್ಕೇ. ನಿಮ್ಮ ತೋಟದ ಹೆಸರಿನಲ್ಲಿ ಅಂತಹ ವಿಮೆ ಮಾಡಿಸಲಾಗಿತ್ತೇ ಎಂದು ಅರ್ಜಿಯಲ್ಲಿ ಒಂದು ಸಾಲು ಕೇಳಿ.

ಇನ್ನು ಮೂಟೆಯ ಬೆದರಿಕೆ. ಗ್ರಾಚ್ಯುಟಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ ಎಂಬುದು ನಿಜ, ಆದರೆ ಅದು ಬಹಳ ಇಕ್ಕಟ್ಟಾದ ಅವಕಾಶ. ಉದ್ದೇಶಪೂರ್ವಕ ಲೋಪದಿಂದ ಅಥವಾ ನಿರ್ಲಕ್ಷ್ಯದಿಂದ ಮಾಲೀಕರಿಗೆ ನಷ್ಟವಾಗಿ, ಆ ಕಾರಣಕ್ಕೇ ಕೆಲಸದಿಂದ ತೆಗೆದಿದ್ದರೆ, ಆ ನಷ್ಟದ ಮಟ್ಟಿಗೆ ಮಾತ್ರ ಹಿಡಿಯಬಹುದು. ಗಲಭೆ, ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕಾಗಿ ತೆಗೆದಿದ್ದರೆ ಭಾಗಶಃ ಅಥವಾ ಪೂರ್ತಿ ಹಿಡಿಯಬಹುದು. ನ್ಯಾಯಾಲಯದಲ್ಲಿ ಶಿಕ್ಷೆಯಾಗದೆ ಗ್ರಾಚ್ಯುಟಿ ಹಿಡಿಯುವಂತಿಲ್ಲ ಎಂಬ ನಂಬಿಕೆ 2018ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು. 2025ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ, ಶಿಕ್ಷೆಯಾಗಿರಲೇಬೇಕೆಂದಿಲ್ಲ ಎಂದು ಹೇಳಿದೆ. ಆದ್ದರಿಂದ ಆ ಹಳೆಯ ಭರವಸೆಯ ಮೇಲೆ ನಿಲ್ಲಬೇಡಿ. ನೀವು ನಿಲ್ಲಬೇಕಾದ ಜಾಗ ಬೇರೆಯೇ ಇದೆ: ನಿಮ್ಮ ಮೇಲೆ ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ, ಇಂಥ ದುರ್ನಡತೆಗಾಗಿ ತೆಗೆದಿದ್ದೇವೆ ಎಂಬ ಆದೇಶ ಇಲ್ಲ. ‘ನಾಳೆಯಿಂದ ಬರುವುದು ಬೇಡ’ ಎಂದು ಕಳುಹಿಸಿದ ಮೇಲೆ ತಿಂಗಳುಗಳ ನಂತರ ಕಾರಣವನ್ನು ಹೊಸೆಯುವುದಕ್ಕೆ ಬೆಲೆ ಇಲ್ಲ. ಹಾಗೆಂದು ಸುಮ್ಮನಿರಬೇಡಿ, ಆ ಫಸಲಿನ ಒಣಗಿಸಿದ ಪ್ರಮಾಣ, ಲಾರಿ ಹೋದ ದಿನ, ಕ್ಯೂರಿಂಗ್‌ನಲ್ಲಿ ಕೊಟ್ಟ ತೂಕದ ರಸೀದಿ, ಯಾರು ಸಹಿ ಮಾಡಿದರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಿ. ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ) ಆಗಲಿ ಚೆರ್ರಿ (ಹಣ್ಣಾಗಿಯೇ ಒಣಗಿಸಿದ್ದು) ಆಗಲಿ ತೇವಾಂಶಕ್ಕೆ ತಕ್ಕಂತೆ ತೂಕ ಇಳಿಯುವುದು ಕಾಫಿ ಕೆಲಸ ಬಲ್ಲ ಯಾರಿಗೂ ಹೊಸದಲ್ಲ, ಅಧಿಕಾರಿಯ ಮುಂದೆ ಅದನ್ನು ವಿವರಿಸಬಲ್ಲವರು ನೀವೇ.

ನೇಮಕದ ಪತ್ರವಿಲ್ಲ ಎಂದು ಬಹಳ ಕುಗ್ಗಿದ್ದೀರಿ. ಮಲೆನಾಡಿನ ತೋಟಗಳಲ್ಲಿ ನೇಮಕ ನಡೆಯುವುದೇ ಬಾಯಿಮಾತಿನಲ್ಲಿ, ಅದು ಅಧಿಕಾರಿಗಳಿಗೂ ಗೊತ್ತು. ನಿಮ್ಮ ಬಳಿ ಅದಕ್ಕಿಂತ ಬಲವಾದದ್ದು ಇದೆ. ಪಿಎಫ್ ಪಾಸ್‌ಬುಕ್‌ನಲ್ಲಿ ತೋಟದ ಕೋಡ್ ಮತ್ತು ನೀವು ಸೇರಿದ ದಿನಾಂಕ ಇರುತ್ತದೆ. ಸಂಬಳ ಬ್ಯಾಂಕಿಗೆ ಬಂದಿದ್ದರೆ ಆ ಖಾತೆಯ ವಿವರ, ತೋಟದ ವಿಳಾಸವಿರುವ ಮತದಾರರ ಗುರುತಿನ ಚೀಟಿ ಮತ್ತು ಪಡಿತರ ಚೀಟಿ, ಮಕ್ಕಳ ಶಾಲಾ ದಾಖಲೆಯಲ್ಲಿನ ತಂದೆಯ ಉದ್ಯೋಗ, ಗೊಬ್ಬರದ ಅಂಗಡಿಯಲ್ಲಿ ತೋಟದ ಪರವಾಗಿ ನೀವು ಸಹಿ ಹಾಕಿದ ಬಿಲ್ಲುಗಳು, ಎಲ್ಲವೂ ಸಾಕ್ಷ್ಯ. ಎಲ್ಲಕ್ಕಿಂತ ಮಿಗಿಲಾಗಿ ಹದಿನೇಳು ವರ್ಷದ ಚೆಕ್‌ರೋಲ್ ನಿಮ್ಮ ಅಕ್ಷರದಲ್ಲಿದೆ. ಅದನ್ನು ಹಾಜರುಪಡಿಸುವಂತೆ ಮಾಲೀಕರಿಗೆ ಆದೇಶಿಸಬೇಕೆಂದು ನೀವು ಅರ್ಜಿಯಲ್ಲಿ ಕೇಳಬಹುದು, ಇದ್ದ ದಾಖಲೆಯನ್ನು ತರದೆ ಹೋದರೆ ಅವರ ವಿರುದ್ಧ ಊಹಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಮೂಲ ಪುಸ್ತಕಗಳನ್ನು ಆಫೀಸಿನಿಂದ ಮನೆಗೆ ತರಬೇಡಿ, ಯಾರಿಂದಲೂ ತರಿಸಬೇಡಿ. ಮೂಟೆಯ ಆರೋಪಕ್ಕೆ ಆಧಾರ ಹುಡುಕುತ್ತಿರುವವರಿಗೆ ಕಳವಿನ ದೂರೊಂದನ್ನು ನೀವೇ ಕೊಟ್ಟಂತಾಗುತ್ತದೆ. ಯಾವ ವರ್ಷದ ಯಾವ ಪುಸ್ತಕ ಯಾವ ಬೀರುವಿನಲ್ಲಿತ್ತು ಎಂಬ ಪಟ್ಟಿ ಬರೆದುಕೊಂಡರೆ ಸಾಕು.

ಗ್ರಾಚ್ಯುಟಿ ಅರ್ಜಿಯ ಕ್ರಮ ಹೀಗಿದೆ. ಮೊದಲು ‘ಐ’ ನಮೂನೆಯಲ್ಲಿ, ಅದು ಸಿಗದಿದ್ದರೆ ಬಿಳಿ ಹಾಳೆಯಲ್ಲೇ, ಇಬ್ಬರು ಮಾಲೀಕರಿಗೂ ಬೇಡಿಕೆ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ತಲುಪಿದ ರಸೀದಿ ಇಟ್ಟುಕೊಳ್ಳಿ. ಬರುವ ಉತ್ತರ ನಿರಾಕರಣೆಯಾಗಿದ್ದರೆ, ಅಥವಾ ಉತ್ತರವೇ ಇಲ್ಲದಿದ್ದರೆ, ಕಾರ್ಮಿಕ ಇಲಾಖೆಯಲ್ಲಿ ಗ್ರಾಚ್ಯುಟಿಯ ನಿಯಂತ್ರಣ ಪ್ರಾಧಿಕಾರವಾಗಿರುವ ಅಧಿಕಾರಿಯ ಮುಂದೆ ‘ಎನ್’ ನಮೂನೆಯ ಅರ್ಜಿ ಹಾಕಬೇಕು. ಚಿಕ್ಕಮಗಳೂರಿನ ಕಾರ್ಮಿಕ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದರೆ ನಿಮ್ಮ ತಾಲ್ಲೂಕಿಗೆ ಯಾರು ಎಂದು ತಿಳಿಸುತ್ತಾರೆ. ಇದಕ್ಕೆ 90 ದಿನದ ಅವಧಿ ಹೇಳಿದೆ. ಸಕಾರಣವಿದ್ದರೆ ವಿಳಂಬ ಮನ್ನಿಸುವ ಅಧಿಕಾರವೂ ಇದೆ. ಇಬ್ಬರೂ ಒಬ್ಬರ ಮೇಲೊಬ್ಬರು ಹೇರುತ್ತ ನಿಮ್ಮನ್ನು ಅಲೆಸಿದರು ಎಂಬುದೇ ಸಕಾರಣ, ಅದನ್ನು ದಿನಾಂಕಗಳೊಂದಿಗೆ ಬರೆಯಿರಿ. ಈ ದಾರಿಯ ದೊಡ್ಡ ಅನುಕೂಲವೆಂದರೆ ಆದೇಶದ ವಿರುದ್ಧ ಮಾಲೀಕರು ಮೇಲ್ಮನವಿ ಹೋಗಬೇಕಾದರೆ ಗ್ರಾಚ್ಯುಟಿ ಮೊತ್ತವನ್ನು ಠೇವಣಿ ಇಡಲೇಬೇಕು, ಮತ್ತು ಕೊಡದೆ ಹೋದರೆ ಭೂಕಂದಾಯದ ಬಾಕಿಯಂತೆ ಜಿಲ್ಲಾಧಿಕಾರಿಗಳ ಮೂಲಕ ವಸೂಲಿ ಮಾಡಬಹುದು. ಭೂಮಿಯೇ ಆಸ್ತಿಯಾಗಿರುವವರಿಗೆ ಈ ಕೊನೆಯ ಮಾತು ಬೇಗ ಮುಟ್ಟುತ್ತದೆ.

ಪಿಎಫ್ ವಿಷಯ ಇದಕ್ಕಿಂತ ಗಂಭೀರವಾದದ್ದು. ಗ್ರಾಚ್ಯುಟಿ ಅವರು ಕೊಡಬೇಕಾದ ಹಣ. ನಿಮ್ಮ ಸಂಬಳದಿಂದ ಹಿಡಿದ ಶೇ. 12 ನಿಮ್ಮದೇ ಹಣ. ಹಿಡಿದು ಕಟ್ಟದಿರುವುದನ್ನು ಕಾನೂನು ನಂಬಿಕೆದ್ರೋಹದ ಅಪರಾಧವೆಂದೇ ಪರಿಗಣಿಸುತ್ತದೆ. ಇಲ್ಲಿ ತೋಟ ಮಾರಿದವರು ಮತ್ತು ಕೊಂಡವರ ಜಗಳಕ್ಕೆ ಅವಕಾಶ ಇನ್ನೂ ಕಡಿಮೆ: 1952ರ ಭವಿಷ್ಯನಿಧಿ ಕಾಯ್ದೆಯ 17ಬಿ ಕಲಮಿನಂತೆ ಕೈಬದಲಾದ ದಿನದವರೆಗಿನ ಬಾಕಿಗೆ ಇಬ್ಬರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು, ಕೊಂಡವರ ಹೊಣೆ ಅವರಿಗೆ ಬಂದ ಆಸ್ತಿಯ ಮೌಲ್ಯದ ಮಿತಿಯೊಳಗೆ. 86 ಎಕರೆ ಕಾಫಿ ತೋಟದ ಮೌಲ್ಯದ ಮುಂದೆ ಆ ಮಿತಿಗೆ ಅರ್ಥವಿಲ್ಲ. ಪಾಸ್‌ಬುಕ್‌ನ ಪ್ರತಿ, ಹಿಡಿದದ್ದಕ್ಕೆ ಯಾವುದೇ ಆಧಾರ, ಇವುಗಳೊಂದಿಗೆ ಚಿಕ್ಕಮಗಳೂರಿನ ಭವಿಷ್ಯನಿಧಿ ಕಚೇರಿಗೆ ಲಿಖಿತ ದೂರು ಕೊಟ್ಟು 7ಎ ಕಲಮಿನಂತೆ ಬಾಕಿಯನ್ನು ನಿರ್ಧರಿಸುವ ವಿಚಾರಣೆ ಕೋರಿ. ಸ್ವೀಕೃತಿ ಮುದ್ರೆ ಇಲ್ಲದೆ ಹಿಂದಿರುಗಬೇಡಿ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರದಲ್ಲೂ ದೂರು ಸಲ್ಲಿಸಬಹುದು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇಂತಹ ವಿಚಾರಣೆ ಆರಂಭಿಸಲು 5 ವರ್ಷದ ಮಿತಿ ಬರೆದಿದ್ದಾರೆ. ನಿಮ್ಮ ಬಾಕಿ 2021ರ ಮಾರ್ಚ್‌ನಿಂದ ಆರಂಭವಾಗುತ್ತದೆ, ಆದ್ದರಿಂದ ನಾಲ್ಕು ಹಕ್ಕುಗಳಲ್ಲಿ ಮೊದಲು ಮಾಡಬೇಕಾದ ಕೆಲಸ ಇದೇ.

ಇದರ ಜೊತೆಗೆ ಒಂದು ಮಾತು. ಕೈಯಲ್ಲಿ ಕಾಸಿಲ್ಲವೆಂದು ಪಿಎಫ್ ಪೂರ್ತಿ ತೆಗೆಯುವ ಆಲೋಚನೆ ಬಂದರೆ, ಪಿಂಚಣಿಯ ಭಾಗ ಬೇರೆ ಎಂಬುದನ್ನು ನೆನಪಿಡಿ. ಕಟ್ಟಿದ ಅವಧಿ ಹತ್ತು ವರ್ಷ ದಾಟಿರುವುದರಿಂದ ನಿಮಗೆ 58ನೇ ವಯಸ್ಸಿನಿಂದ ಪಿಂಚಣಿಯ ಹಕ್ಕು ಇದೆ. ಐವತ್ತು ದಾಟಿದ ಮೇಲೆ ಮೊದಲೇ ಪಡೆಯಬಹುದಾದರೂ ಮುಂಚಿತವಾದ ಪ್ರತಿ ವರ್ಷಕ್ಕೆ ಶೇ. 4ರಂತೆ ಅದು ಶಾಶ್ವತವಾಗಿ ಕಡಿತವಾಗುತ್ತದೆ. ಕಟ್ಟದೆ ಉಳಿದ ನಾಲ್ಕು ವರ್ಷಗಳ ಪಾಲು ಪಿಂಚಣಿಯ ಲೆಕ್ಕಕ್ಕೂ ಸೇರಬೇಕಾದ್ದರಿಂದ ದೂರಿನಲ್ಲಿ ಪಿಂಚಣಿಯ ಹೆಸರನ್ನೂ ಬರೆಯಿರಿ.

ಕೆಲಸದಿಂದ ತೆಗೆದದ್ದಕ್ಕೆ ಪರಿಹಾರ ಸಿಗುವುದು ನೀವು ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಾಗಿದ್ದರೆ. ‘ಆಳುಗಳ ಮೇಲ್ವಿಚಾರಣೆ ನಿನ್ನದೇ ಆಗಿತ್ತು, ನೀನು ಮ್ಯಾನೇಜರ್ ಇದ್ದಂತೆ’ ಎಂದು ಅವರು ವಾದಿಸುವುದು ಖಂಡಿತ, ಏಕೆಂದರೆ ತಿಂಗಳಿಗೆ 10,000 ರೂಪಾಯಿ ದಾಟಿದ ಮೇಲ್ವಿಚಾರಕರು ಹಳೆಯ ಕಾಯ್ದೆಯಲ್ಲಿ ಕಾರ್ಮಿಕರಲ್ಲ. ನ್ಯಾಯಾಲಯ ನೋಡುವುದು ಹುದ್ದೆಯ ಹೆಸರನ್ನಲ್ಲ, ದಿನದ ಹೆಚ್ಚು ಹೊತ್ತು ಏನು ಮಾಡುತ್ತಿದ್ದಿರಿ ಎಂಬುದನ್ನು. ರಜೆ ಮಂಜೂರು ಮಾಡುವ, ಆಳು ತೆಗೆದುಕೊಳ್ಳುವ, ತೆಗೆಯುವ ಅಧಿಕಾರ ನಿಮಗಿರಲಿಲ್ಲ, ಬರವಣಿಗೆಯ ಕೆಲಸವೇ ಪ್ರಧಾನವಾಗಿತ್ತು ಎಂದು ತೋರಿಸಿದರೆ ನೀವು ಗುಮಾಸ್ತೆಯ ಕೆಲಸದವರು, ಕಾರ್ಮಿಕರು. ಆಗ ಒಂದು ತಿಂಗಳ ನೋಟಿಸಿನ ಬದಲಿನ ಸಂಬಳ 15,600, ಮತ್ತು ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನದಂತೆ 17 ವರ್ಷಕ್ಕೆ 7,800ರ ಲೆಕ್ಕದಲ್ಲಿ 1,32,600 ರೂಪಾಯಿ. ಇದನ್ನು ಕೊಡದೆ ತೆಗೆದದ್ದೇ ಅಸಿಂಧು ಎಂದು ಮರುನೇಮಕ ಕೇಳಲೂಬಹುದು. ನನ್ನ ಪ್ರಾಮಾಣಿಕ ಅಭಿಪ್ರಾಯ ಕೇಳಿದರೆ, ಈಚಿನ ವರ್ಷಗಳಲ್ಲಿ ನ್ಯಾಯಾಲಯಗಳು ಮರುನೇಮಕಕ್ಕಿಂತ ಇಡುಗಂಟಿನ ಪರಿಹಾರದತ್ತ ಹೆಚ್ಚು ವಾಲುತ್ತಿವೆ, ಮತ್ತು ಈ ವಿವಾದ ಮುಗಿಯಲು ವರ್ಷಗಳೇ ಬೇಕಾಗಬಹುದು. ಮೊದಲು ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಹೋಗಬೇಕು. 45 ದಿನದಲ್ಲಿ ಇತ್ಯರ್ಥವಾಗದಿದ್ದರೆ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದು. ಹಳೆಯ ಕಾಯ್ದೆ ಮೂರು ವರ್ಷ ಕೊಡುತ್ತಿತ್ತು, ಹೊಸ ಸಂಹಿತೆ ಎರಡು ವರ್ಷ ಎನ್ನುತ್ತದೆ. 2027ರ ಜೂನ್ ನಿಮ್ಮ ಗಡಿ ಎಂದು ತಿಳಿಯಿರಿ. ಒಂದು ಅಪಾಯದ ಬಗ್ಗೆ ಎಚ್ಚರವಿರಲಿ: ‘ಚುಕ್ತಾ’ ಕಾಗದದೊಳಗೆ ‘ಸ್ವಇಚ್ಛೆಯಿಂದ ಕೆಲಸ ಬಿಟ್ಟಿರುತ್ತೇನೆ’ ಎಂಬ ಸಾಲು ಸೇರಿಸುವುದು ವಾಡಿಕೆ. ರಾಜೀನಾಮೆ ಕೊಟ್ಟವರಿಗೂ ಗ್ರಾಚ್ಯುಟಿ ಇದೆ, ಈ ಪರಿಹಾರ ಮಾತ್ರ ಇಲ್ಲ.

ಎರಡು ತಿಂಗಳ ಬಾಕಿ ಸಂಬಳ 31,200ಕ್ಕೆ ವೇತನ ಪಾವತಿ ಪ್ರಾಧಿಕಾರದ ಮುಂದೆ ಬೇರೆ ಅರ್ಜಿ ಹಾಕಬೇಕು, ಹಳೆಯ ಕಾಯ್ದೆಯ ಹನ್ನೆರಡು ತಿಂಗಳನ್ನೇ ಅವಧಿಯೆಂದು ಹಿಡಿಯಿರಿ. ಬೋನಸ್ ಮತ್ತು ಉಳಿದ ರಜೆಯ ಹಣ ಬಂದಿಲ್ಲದಿದ್ದರೆ ಅದನ್ನೂ ಬೇಡಿಕೆ ಪತ್ರದಲ್ಲೇ ಸೇರಿಸಿ.

ಇನ್ನು ಮನೆ. ಕೆಲಸಕ್ಕಾಗಿ ಕೊಟ್ಟ ಮನೆಯನ್ನು ಕೆಲಸ ಹೋದ ಮೇಲೆ ಬಿಟ್ಟುಕೊಡಬೇಕಾದದ್ದು ನಿಜ. ಆದರೆ ವಿದ್ಯುತ್ ಕಡಿದು, ಸಾಮಾನು ಹೊರಗೆಸೆದು ಬಿಡಿಸುವಂತಿಲ್ಲ. ಅದಕ್ಕೂ ಕಾನೂನಿನ ಕ್ರಮ ಇದೆ. ಹಣ ಕೊಡುವವರೆಗೆ ಬಿಡುವುದಿಲ್ಲ ಎಂದು ಹಟ ಹಿಡಿಯಲು ಹಲವರು ಸಲಹೆ ಕೊಟ್ಟಿರುತ್ತಾರೆ. ನಾನು ಕೊಡುವುದಿಲ್ಲ. ಗ್ರಾಚ್ಯುಟಿಗೆ ಜಪ್ತಿಯಿಂದ ರಕ್ಷಣೆಯಿದ್ದರೂ, ಅನಧಿಕೃತವಾಗಿ ಮನೆಯಲ್ಲಿ ಉಳಿದವರ ದಂಡದ ಬಾಡಿಗೆಯನ್ನು ಅದರಿಂದ ಮುರಿದುಕೊಳ್ಳುವುದನ್ನು ಒಪ್ಪಿದ ತೀರ್ಪುಗಳೂ ಇವೆ. ಶಾಲೆಯ ವರ್ಷ ಮುಗಿಯುವ ದಿನಾಂಕ ಹೇಳಿ, ಅಂದು ಸಾಕ್ಷಿಗಳ ಸಮ್ಮುಖದಲ್ಲಿ ಕೀಲಿ ಒಪ್ಪಿಸುತ್ತೇನೆ, ನನ್ನ ಬಾಕಿಯ ಹಕ್ಕು ಹಾಗೆಯೇ ಉಳಿದಿದೆ ಎಂದು ಈಗಲೇ ಪತ್ರ ಬರೆದುಬಿಡಿ. ನಿಮ್ಮ ಕೈಯಲ್ಲಿ ಅಂತಹ ಪತ್ರದ ಪ್ರತಿ ಇರುವಾಗ ಮನೆಯನ್ನು ಹಣಕ್ಕೆ ಒತ್ತೆಯಾಗಿ ಬಳಸುವುದು ಅವರಿಗೆ ಕಷ್ಟ.

ರಾಜಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೇಲಿನ ಬಾಬತ್ತುಗಳನ್ನು ಕೂಡಿದರೆ ಪಿಎಫ್ ಮತ್ತು ಬಡ್ಡಿ ಬಿಟ್ಟು 3,32,400 ರೂಪಾಯಿ ಆಗುತ್ತದೆ. ಇದರಲ್ಲಿ ಬಿಟ್ಟುಕೊಡಬಹುದಾದದ್ದು ಇದ್ದರೆ ಪರಿಹಾರದ ಮೊತ್ತದಲ್ಲಿ ಸ್ವಲ್ಪ, ಏಕೆಂದರೆ ಅದರಲ್ಲಿ ನೀವು ಕಾರ್ಮಿಕರೋ ಅಲ್ಲವೋ ಎಂಬ ನಿಜವಾದ ವಾದವಿದೆ. ಗ್ರಾಚ್ಯುಟಿ, ಪಿಎಫ್, ದುಡಿದ ಸಂಬಳದಲ್ಲಿ ಬಿಡಬೇಡಿ. ರಾಜಿಯಾದರೆ ಸಂಧಾನಾಧಿಕಾರಿಯ ಮುಂದೆ ಆಗಲಿ, ಯಾವ ಬಾಬತ್ತಿಗೆ ಎಷ್ಟು ಎಂದು ಪ್ರತ್ಯೇಕವಾಗಿ ಬರೆಯಲಿ, ಹಣ ಬ್ಯಾಂಕಿನ ಮೂಲಕ ಬರಲಿ. ಈಗಾಗಲೇ ‘ಏನೂ ಬಾಕಿಯಿಲ್ಲ’ ಎಂದು ಸಹಿ ಮಾಡಿರುವ ಓದುಗರಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ: ಗ್ರಾಚ್ಯುಟಿ ಕಾಯ್ದೆಯ ವಿರುದ್ಧ ಹೋಗುವ ಯಾವ ಕರಾರಿಗೂ ಬೆಲೆಯಿಲ್ಲ ಎಂದು ಕಾಯ್ದೆಯ 14ನೇ ಕಲಮು ಹೇಳುತ್ತದೆ. ಪಡೆದ ಹಣ ಲೆಕ್ಕದಲ್ಲಿ ಕಳೆಯುತ್ತದೆ, ಉಳಿದದ್ದನ್ನು ಕೇಳಬಹುದು. 2025ರ ನವೆಂಬರ್ 21ರ ನಂತರ ಕೆಲಸ ಕಳೆದುಕೊಂಡವರಿಗೆ ಹೊಸ ಸಂಹಿತೆಗಳು ಅನ್ವಯಿಸುತ್ತವೆ. ಅವುಗಳಂತೆ ಕೊನೆಯ ಸಂಬಳದ ಲೆಕ್ಕ ಎರಡು ಕೆಲಸದ ದಿನದೊಳಗೆ ಮುಗಿಯಬೇಕು. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಇದೆ.

ವಕೀಲರ ಖರ್ಚಿನ ಚಿಂತೆ ಬೇಡ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯಬಹುದು. ಚಿಕ್ಕಮಗಳೂರಿನ ನ್ಯಾಯಾಲಯದ ಸಂಕೀರ್ಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ಕೊನೆಯದಾಗಿ ನಿಮ್ಮ ಹೆಂಡತಿಯವರ ವಿಷಯ, ನೀವು ಒಂದೇ ಸಾಲಿನಲ್ಲಿ ಹೇಳಿ ಬಿಟ್ಟದ್ದು. 2012ರಿಂದ ಅವರದೂ ಪ್ರತ್ಯೇಕ ಸೇವೆ, ಪ್ರತ್ಯೇಕ ಗ್ರಾಚ್ಯುಟಿ. ದಿನಗೂಲಿಯವರಿಗೆ 26ರ ಭಾಗಾಕಾರವೂ ಇಲ್ಲ, ದಿನದ ಕೂಲಿಯನ್ನು ನೇರವಾಗಿ 15ರಿಂದ, ಆಮೇಲೆ ವರ್ಷಗಳಿಂದ ಗುಣಿಸುವುದು. ಮಳೆಗಾಲದಲ್ಲಿ ಕೆಲವು ವಾರ ಕೆಲಸ ಕೊಡದೆ ಇದ್ದದ್ದನ್ನು ತೋರಿಸಿ ಸೇವೆ ಕಡಿದಿದೆ ಎನ್ನುತ್ತಾರೆ. ಹನ್ನೆರಡು ತಿಂಗಳಲ್ಲಿ 240 ದಿನ ಆಗಿದ್ದರೆ ಅದು ಪೂರ್ಣ ವರ್ಷ, ಮತ್ತು ಆ ಎಣಿಕೆಗೆ ಸಂಬಳ ಸಹಿತ ವಾರದ ರಜೆ ಮತ್ತು ಹಬ್ಬದ ರಜೆಗಳೂ ಸೇರುತ್ತವೆ. ನಿಮ್ಮ ಮೇಲಿನ ಸಿಟ್ಟಿಗೆ ಅವರನ್ನು ನಿಲ್ಲಿಸುವ ಸಾಧ್ಯತೆ ಇದೆ, ನಿಮ್ಮ ‘ಚುಕ್ತಾ’ ಕಾಗದದಲ್ಲೇ ‘ನಾನು ಮತ್ತು ನನ್ನ ಕುಟುಂಬದವರು’ ಎಂದು ಸೇರಿಸುವ ಸಾಧ್ಯತೆಯೂ ಇದೆ. ಗಂಡನ ಸಹಿಯಿಂದ ಹೆಂಡತಿಯ ಹಕ್ಕು ಮುಗಿಯುವುದಿಲ್ಲ. ಅವರು ಹೋದ ದಿನಗಳನ್ನು ಇಂದಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕೆಲಸ, ಕೊಟ್ಟ ಕೂಲಿ ಸಹಿತ ಬರೆಯುತ್ತ ಬನ್ನಿ. ಚೆಕ್‌ರೋಲ್ ಈಗ ಬೇರೆಯವರ ಕೈಯಲ್ಲಿದೆ.